ಮಲ್ಲಿಗೆಯಿಂದ ಅಳೆದ ಬಿಲ್ಲು

ಹಿರೇಗಡದ ಬಿಲ್ಲುಗಾರರ ಮನೆತನ ಏಳು ತಲೆಮಾರಿನಿಂದ ಅರಮನೆಗೆ ಬಿಲ್ಲು ಮಾಡಿಕೊಟ್ಟ ಮನೆತನ. ಅವರ ಕೆಲಸದಲ್ಲಿ ಯಾರೂ ಕೊರತೆ ಕಂಡಿರಲಿಲ್ಲ. ಆ ಮನೆಯ ಹೆಣ್ಣುಮಕ್ಕಳು ಬೀದಿಯಲ್ಲಿ ಕೂತು ವ್ಯಾಪಾರ ಮಾಡಿದವರೂ ಅಲ್ಲ. ಈಗ ಮಾತ್ರ ಮಗಳು ಕಾಳವ್ವ ಅರಮನೆಯ ಬಾಗಿಲಲ್ಲಿ ಮಾರಿನ ಲೆಕ್ಕದಲ್ಲಿ ಮಲ್ಲಿಗೆ ಅಳೆದು ಕೊಡುತ್ತಿದ್ದಳು. ಅವಳ ತಂದೆ ಮಾನಪ್ಪಾಚಾರಿ ರಾಜದ್ರೋಹಿ ಎನಿಸಿಕೊಂಡು ಸೆರೆಯಲ್ಲಿದ್ದ. ಬಾಗಿಲಲ್ಲಿ ಹೂವು ಅಳೆಯುತ್ತಿದ್ದಾಗಲೇ ಅವಳ ಕಿವಿಗೆ ಡಂಗುರ ಬಿತ್ತು.

"ಕೇಳಿರಪ್ಪೋ ಕೇಳಿ! ದೊರೆ ಸಿಂಗರಸರ ಅಪ್ಪಣೆ! ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ಒಂದು ತಪ್ಪಿದರೂ ತಲೆ ಹೋಗುತ್ತದೆ. ಅಮಾವಾಸ್ಯೆಯೊಳಗೆ ಯಾರೂ ಬಿಡಿಸದಿದ್ದರೆ ಬಿಲ್ಲುಗಾರನಿಗೆ ಶೂಲ!"

ಮೊದಲೆರಡು ಒಗಟು ತೀರಿಹೋದ ಹಿರಿಯ ದೊರೆಯವು. ಅವುಗಳ ಉತ್ತರ ಮುದಿಮಂತ್ರಿಗೆ ಗೊತ್ತಿತ್ತು. ಮೂರನೆಯದು ಸಿಂಗರಸನದೇ. ಅದರ ಉತ್ತರ ಯಾರಿಗೂ ಗೊತ್ತಿರಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಕಾಳವ್ವ ಹೂವಿನ ಬುಟ್ಟಿಯೊಂದಿಗೇ ಸಭೆಗೆ ಹೋದಳು. ಅವಳ ಮುಂದೆ ಇಬ್ಬರಿದ್ದರು.

"ಹುಟ್ಟಿದ ಪ್ರತಿಯೊಬ್ಬನೂ ಒಂದು ಅಳತೆಗೋಲು ಹೊತ್ತು ತಿರುಗುತ್ತಾನೆ. ಅಪ್ಪಿಕೊಳ್ಳಲು ಹೋದಾಗ ಅದು ಬಿಚ್ಚಿಕೊಳ್ಳುತ್ತದೆ. ಏನದು?" ಎಂದು ದೊರೆ ಕೇಳಿದ.

"ನೆರಳು, ಮಹಾಸ್ವಾಮಿ!" ಎಂದ ಪಾಳೆಯಗಾರನ ಮಗ. ಮಂತ್ರಿ ತಲೆ ಅಲ್ಲಾಡಿಸಿದ. ಯುವಕನನ್ನು ಹೊರಗೆ ಎಳೆದೊಯ್ದರು. ಅಂಗಳದಲ್ಲಿ ಒಮ್ಮೆ ಕತ್ತಿಯ ಸದ್ದಾಯಿತು, ಅಷ್ಟೇ.

ಎರಡನೆಯವನು ಜಟ್ಟಿ. ಅವನು ಮೊದಲನೆಯದನ್ನು ಮಂತ್ರಿಯ ಕಿವಿಯಲ್ಲಿ ಹೇಳಿ ಗೆದ್ದ.

"ಅರ್ಧ ದಾರಿಯಲ್ಲಿ ಎತ್ತಿನಂತೆ ಜಗ್ಗುತ್ತದೆ, ದಾರಿ ಮುಗಿದ ಮೇಲೆ ಕರುವಿನಂತೆ ನಿಲ್ಲುತ್ತದೆ. ಏನದು?"

"ತವರಿನಿಂದ ಕರೆತರುವ ಹೆಂಡತಿ, ಬುದ್ಧಿ!"

ಸಭೆ ಗೊಳ್ಳೆಂದು ನಕ್ಕಿತು. ದೊರೆ ನಗಲಿಲ್ಲ. ನಗು ಅಲ್ಲಲ್ಲೇ ಸತ್ತುಹೋಯಿತು. ಮತ್ತೆ ಕತ್ತಿಯ ಸದ್ದು ಕೇಳಿಸಿತು.

"ಏ ಹೂವಾಡಗಿತ್ತಿ, ನಿನಗೂ ಬದುಕು ಬೇಸರವಾಯಿತೇ?" ಎಂದ ದೊರೆ.

ಕಾಳವ್ವ ಬುಟ್ಟಿ ಕೆಳಗಿಟ್ಟಳು. ಸೆರಗಿನ ಗಂಟಿನಲ್ಲಿದ್ದ ತಂದೆಯ ಪುಟ್ಟ ಇಕ್ಕಳವನ್ನು ಒಮ್ಮೆ ಮುಟ್ಟಿಕೊಂಡಳು.

"ಅಳತೆಗೋಲು ಅಂದರೆ ಮಾರು, ಬುದ್ಧಿ. ಚಾಚಿದ ಎರಡು ಕೈಗಳ ಅಗಲ. ನಾನು ದಿನವೂ ಅದರಲ್ಲೇ ಹೂವು ಅಳೆಯುತ್ತೇನೆ. ಎರಡನೆಯದು ತಮ್ಮ ಪಕ್ಕದಲ್ಲಿರುವ ರಾಟೆಯ ಬಿಲ್ಲು."

ಮಂತ್ರಿ ಎರಡಕ್ಕೂ ತಲೆದೂಗಿದ. ದೊರೆಯ ಮುಖ ಕಪ್ಪಿಟ್ಟಿತು. ಅವನು ಎಡಗೈಯ ಪಟ್ಟಿ ಬಿಚ್ಚಿ ತೋರಿಸಿದ. ಮುಂಗೈ ಪೂರ್ತಿ ಹೆದೆ ಬಡಿದು ಸುಲಿದುಹೋಗಿತ್ತು.

"ಅದೇ ಬಿಲ್ಲಿನಿಂದ ನನ್ನ ತಂದೆ ಹುಲಿ ಕೆಡವಿದರು. ಅದೇ ಬಿಲ್ಲು ನನ್ನ ಕೈ ಸುಲಿಯಿತು. ದ್ರೋಹಿ ಯಾರು? ಇದೇ ನನ್ನ ಮೂರನೆಯ ಒಗಟು."

"ಯಾರೂ ಅಲ್ಲ."

ತಲೆ ಹೊಡೆಯುವ ಆಳು ಒಂದು ಹೆಜ್ಜೆ ಮುಂದೆ ಬಂದ. ಅವನ ಕತ್ತಿ ಇನ್ನೂ ಒದ್ದೆಯಾಗಿತ್ತು.

"ಮಾತು ಮುಗಿದಿಲ್ಲ!" ಎಂದಳು ಕಾಳವ್ವ. "ನಾನು ಆ ಬಿಲ್ಲುಗಾರನ ಮಗಳು. ಬುದ್ಧಿ, ಎರಡು ಕೈ ಚಾಚಬೇಕು. ಅಳೆಯುತ್ತೇನೆ."

ಸಭೆಯಲ್ಲಿ ಗುಸುಗುಸು ಎದ್ದಿತು. ಆ ವಂಶದಲ್ಲಿ ದೊರೆಯ ಮೈಗೆ ನೂಲು ಹಿಡಿಯುವುದು ಅವನು ಸತ್ತ ಮೇಲೆ, ಚಟ್ಟದ ಅಳತೆಗೆ ಮಾತ್ರ.

"ನಿನ್ನಪ್ಪನೂ ನೂಲು ಹಿಡಿದುಕೊಂಡೇ ಬಂದಿದ್ದ" ಎಂದು ದೊರೆ ಹಲ್ಲು ಕಡಿದ. "ನಾನು ಬದುಕಿರುವಾಗಲೇ!"

"ಹಿರಿಯ ದೊರೆಗಳು ನೂಲಿಗೆ ಅಂಜದೆ ಕೈ ಚಾಚಿದ್ದರು. ತಾವು ಅಪ್ಪನನ್ನು ಹೊಡೆದಟ್ಟಿದಿರಿ. ಆದರೆ ಇದು ನೂಲಲ್ಲ, ಮಲ್ಲಿಗೆ ದಂಡೆ. ದೇವರಿಗೂ ಹೀಗೇ ಅಳೆದು ಕೊಡುತ್ತೇನೆ."

ಕೊನೆಗೆ ದೊರೆ ಕೈ ಚಾಚಿದ. ಕಾಳವ್ವ ಒಂದು ಬೆರಳ ತುದಿಯಿಂದ ಇನ್ನೊಂದರ ತುದಿಗೆ ದಂಡೆ ಹಿಡಿದು ಹರಿದಳು. ಅದನ್ನು ಎರಡೂವರೆ ಪಾಲಾಗುವಂತೆ ಮಡಿಸಿ, ಒಂದು ಪೂರ್ತಿ ಪಾಲನ್ನು ಬಿಲ್ಲಿನ ಪಕ್ಕಕ್ಕೆ ಹಿಡಿದಳು.

"ತಮ್ಮ ಎಳೆತ ಇಷ್ಟೇ ಇರಬೇಕು. ಬಿಲ್ಲಿನ ಎರಡು ತುದಿಗೂ ರಾಟೆ ಇದೆ, ಪ್ರತಿ ರಾಟೆಗೂ ಐದು ತೂತು. ಆಣಿ ಯಾವ ತೂತಿನಲ್ಲಿದೆಯೋ ಅದರಂತೆ ಹೆದೆ ನಿಲ್ಲುತ್ತದೆ. ಅಲ್ಲಿಯವರೆಗೆ ಜಗ್ಗುತ್ತದೆ, ಅಲ್ಲಿ ಹಗುರಾಗುತ್ತದೆ. ಆಣಿಗಳು ಇನ್ನೂ ತಮ್ಮ ತಂದೆಯವರ ಅಳತೆಯಲ್ಲಿವೆ. ತಮಗೆ ಅದು ನಾಲ್ಕು ಬೆರಳು ಹೆಚ್ಚು. ತಾವು ಹಿಂದಕ್ಕೆ ವಾಲಿ ಎಳೆಯುತ್ತೀರಿ, ಎಡಮೊಣಕೈ ಹೊರಳುತ್ತದೆ, ಹೆದೆ ಕೈಗೆ ಬಡಿಯುತ್ತದೆ. ಬಿಲ್ಲು ಮಾಡಿದವನ ತಪ್ಪಲ್ಲ. ಅಳೆಯಲು ಬಿಡದವರ ತಪ್ಪು."

ಎರಡು ರಾಟೆಗಳ ಆಣಿಯನ್ನೂ ಇಕ್ಕಳದಿಂದ ಕಿತ್ತು ಮೂರನೆಯ ತೂತಿಗೆ ಕೂರಿಸಿ ಬಿಲ್ಲನ್ನು ಮುಂದೆ ಹಿಡಿದಳು.

ದೊರೆ ಬಾಣ ಹೂಡಿ ಎಳೆದ. ಅದರ ಮೊನೆ ಸಭೆಯನ್ನೆಲ್ಲ ಸುತ್ತಿ ಬಂದು ಅವಳ ಎದೆಯ ಮುಂದೆ ನಿಂತಿತು. ಕಾಳವ್ವ ಕಣ್ಣು ಮುಚ್ಚಲಿಲ್ಲ. ಹೆದೆ ಅವನ ಗಲ್ಲದ ಅಂಚಿಗೆ ಬಂದು ಕರುವಿನಂತೆ ನಿಂತಿದ್ದು ಅವಳಿಗೆ ಕಾಣುತ್ತಿತ್ತು. ಮೊನೆ ಪಕ್ಕಕ್ಕೆ ಸರಿಯಿತು. ಬಾಣ ದೂರದ ಕಂಬದ ನಡುವೆ ನೆಟ್ಟು ನಡುಗಿತು.

ದೊರೆ ಮುಂಗೈ ನೋಡಿಕೊಂಡ. ಹೊಸ ಗಾಯ ಇರಲಿಲ್ಲ.

"ಮೂರೂ ಬಿಡಿಸಿದೆ. ಏನು ಬೇಕು ಕೇಳು. ಚಿನ್ನವೇ? ಊರೇ?"

"ಎರಡೂ ಬೇಡ" ಎಂದಳು ಕಾಳವ್ವ. "ನನ್ನ ತಂದೆಯ ಸಂಕೋಲೆ ಬಿಚ್ಚಿಸಿ, ಅವರನ್ನು ಇದೇ ಸಭೆಗೆ ಕರೆಸಿ. ಎಲ್ಲರೆದುರು ತಾವು ಅವರ ಕ್ಷಮೆ ಕೇಳಬೇಕು."