ಬದಲಿ ತಂದು ಹೋಗು

“ಗುರುಗಳೇ, ಒಬ್ಬ ಮಾಲೀಕ ರಜೆಯ ಕಾನೂನನ್ನು ನಿಜವಾಗಿ ಪಾಲಿಸುತ್ತಿದ್ದಾನೆಂದು ತಿಳಿಯುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಅಂಗಡಿ, ಕಾರ್ಖಾನೆಗಳ ಮಾಲೀಕರಿಗೆ ಕಾರ್ಮಿಕ ಕಾನೂನು ತಿಳಿಸಿ, ಅದರಂತೆ ನಡೆಯುವ ದಾರಿ ತೋರಿಸುವುದು ಶಿಷ್ಯನ ವೃತ್ತಿ. ಹೋದಲ್ಲೆಲ್ಲ ಕಾಗದಪತ್ರ ಸರಿಯಾಗಿಯೇ ಇರುತ್ತದೆ, ಆದರೂ ಹೊರಗೆ ಬರುವಾಗ ಏನೋ ಬಿಟ್ಟುಹೋಗಿದೆ ಅನ್ನಿಸುತ್ತದೆ ಎಂದು ಅವನು ಹೇಳಿಕೊಂಡ.

ಗುರುಗಳು ಕಾವಿ ತೊಟ್ಟವರಲ್ಲ. ಬಹುಕಾಲ ಧಾನ್ಯದ ಮಂಡಿ ನಡೆಸಿ, ಅದನ್ನು ತಮ್ಮಂದಿರ ಕೈಗೆ ಬಿಟ್ಟು ಬಂದವರು. ಕೆಲಸದ ದಿನ ಇಷ್ಟು ದೂರ ಹೇಗೆ ಬಂದೆ ಎಂದು ಅವರು ಮೊದಲು ವಿಚಾರಿಸಿದರು. ಗುಮಾಸ್ತ ಕಚೇರಿ ನೋಡಿಕೊಳ್ಳುತ್ತಿದ್ದಾನೆ ಎಂದು ಶಿಷ್ಯ ಹೇಳಿದ. ಇಂದು ಅವನ ಮಗಳನ್ನು ತೊಟ್ಟಿಲಿಗೆ ಹಾಕುತ್ತಾರಂತೆ, ಆದರೂ ನಾನು ಇರುತ್ತೇನೆ ನೀವು ಹೋಗಿ ಎಂದನಂತೆ. ಅಂಥ ಮನುಷ್ಯ ಸಿಗುವುದು ಕಷ್ಟ ಎಂದೂ ಸೇರಿಸಿದ.

ಗುರುಗಳು ತಲೆಯಾಡಿಸಿ ಕತೆ ಶುರು ಮಾಡಿದರು.

ಒಬ್ಬ ಸಾಹುಕಾರನಿಗೆ ಮಂಡಕ್ಕಿ ಭಟ್ಟಿ ಇತ್ತು. ಕಾದ ಉಸುಕಿನಲ್ಲಿ ಅಕ್ಕಿ ಹುರಿಯುವ ಕೆಲಸ. ಉಸುಕು ಹದಕ್ಕೆ ಬಾರದಿದ್ದರೆ ಅಕ್ಕಿ ಅರಳುವುದಿಲ್ಲ, ಹದ ಮೀರಿದರೆ ಕರಕಾಗುತ್ತದೆ. ಆ ಹದ ಬಲ್ಲವನು ಅಲ್ಲಿ ಒಬ್ಬನೇ. ಅವನು ಹುರಿಯುವವನು. ಭಟ್ಟಿಯೆಲ್ಲ ಅವನ ಕೈಯ ಮೇಲೆ ನಡೆಯುತ್ತಿತ್ತು.

ಕಾರ್ಮಿಕ ಇಲಾಖೆಯ ಅಧಿಕಾರಿ ತಪಾಸಣೆಗೆ ಬರುವುದಿತ್ತು. ಸಾಹುಕಾರ ದಂಡ ಕಟ್ಟುವ ಜಾತಿಯವನಲ್ಲ. ಹಾಗಾಗಿ ಕಾನೂನು ಬಲ್ಲ ಒಬ್ಬ ಹೆಂಗಸನ್ನು ಕರೆಸಿದ. ಆಕೆ ಮಾಲೀಕರಿಗೆ ಸಲಹೆ ಕೊಟ್ಟೇ ಬದುಕುವವಳು, ಮಾತು ಕಡಿಮೆ, ಹಿಡಿದದ್ದನ್ನು ಬಿಡುವವಳಲ್ಲ.

ಗೋಡೆಯ ಮೇಲೆ ರಜೆಯ ನಿಯಮಗಳ ಫಲಕ ಇತ್ತು. ಕಾಯಿಲೆಗೆ ರಜೆ, ಹೆರಿಗೆಗೆ ರಜೆ, ಹಬ್ಬಕ್ಕೆ ರಜೆ, ಎಲ್ಲಕ್ಕೂ ಸಂಬಳ ಉಂಟು. ಯಾರು ಯಾರು ರಜೆ ತೆಗೆದುಕೊಂಡಿದ್ದಾರೆ ಎಂದು ಆಕೆ ಕೇಳಿದಳು. ಯಾರೂ ಇಲ್ಲ ಎಂದು ಸಾಹುಕಾರ ಹೆಮ್ಮೆಯಿಂದ ಹೇಳಿದ. ತನ್ನ ಜನ ಮೈಗಳ್ಳರಲ್ಲ, ಭಟ್ಟಿಯೇ ಅವರ ಮನೆ ಎಂದ.

ಆಕೆಗೆ ಅದು ಹಿಡಿಸಲಿಲ್ಲ. ಮನುಷ್ಯರೆಂದ ಮೇಲೆ ಜ್ವರ ಬರುತ್ತದೆ, ಮದುವೆ ಬರುತ್ತದೆ, ಸಾವು ಬರುತ್ತದೆ. ಯಾವುದೂ ಬಾರದ ಭಟ್ಟಿ ಯಾವುದು? ಆಕೆ ಸೀದಾ ಒಲೆಯ ಹತ್ತಿರ ಹೋದಳು.

ಹುರಿಯುವವನು ಬಾಣಲೆಯ ಕಡೆ ನೋಡುತ್ತಿರಲಿಲ್ಲ. ನಾಲ್ಕು ಕಾಳು ಎಸೆದು, ಅದು ಸಿಡಿಯುವ ಸದ್ದಿಗೆ ಕಿವಿ ಕೊಡುತ್ತಿದ್ದ. ಪಕ್ಕದ ರಾಶಿಯಲ್ಲಿ ಕರಕು ಕಾಳು ಬಹಳ ಇತ್ತು. ಕೊಂಡವರು ಚೀಲ ಹಿಂದಕ್ಕೆ ಕಳಿಸುತ್ತಿದ್ದರು. ಸಾಹುಕಾರ ಅಕ್ಕಿ ಕೆಟ್ಟದ್ದೆಂದು ಮಂಡಿ ಬದಲಾಯಿಸಿದ್ದ. ಆಮೇಲೆ ಉಪ್ಪನ್ನು ಬೈದಿದ್ದ.

ಕಣ್ಣಿಗೆ ಏನಾಗಿದೆ ಎಂದು ಆಕೆ ಕೇಳಿದಳು. ಅವನು ಮುಚ್ಚಿಡಲಿಲ್ಲ. ಡಾಕ್ಟರು ನೋಡಿದ್ದರು. ಬೇಗ ಆಪರೇಷನ್ ಆಗಬೇಕು, ಆಮೇಲೆ ಒಂದು ತಿಂಗಳು ಬೆಂಕಿಯ ಮುಂದೆ ನಿಲ್ಲಬಾರದು, ತಡಮಾಡಿದರೆ ದೃಷ್ಟಿ ಉಳಿಯುವುದಿಲ್ಲ ಎಂದಿದ್ದರು. ಅದಾಗಿ ಒಂದು ಬೇಸಿಗೆ ಕಳೆದಿತ್ತು.

ಮತ್ತೆ ಹೋಗಲಿಲ್ಲ ಏಕೆ ಎಂದಾಗ ಅವನು, “ಬದಲಿ ತರಬೇಕಲ್ಲಕ್ಕಾ” ಎಂದ.

ರಾಶಿ ಜರಡಿ ಹಿಡಿಯುತ್ತಿದ್ದ ಹೆಂಗಸು ನಕ್ಕಳು. “ಇವನಿಗೆ ಬದಲಿ ಬೇಕಂದ್ರೆ ಇವನೇ ಇನ್ನೊಂದು ಸಲ ಹುಟ್ಟಿ ಬರಬೇಕು.”

ಆಗ ಕಾನೂನು ಬಲ್ಲವಳಿಗೆ ಸಂಗತಿ ತಿಳಿಯಿತು. ಆ ಭಟ್ಟಿಯಲ್ಲಿ ಒಂದು ರೂಢಿ ಇತ್ತು. ರಜೆ ಬೇಕೆಂದವನು ತನ್ನ ಜಾಗಕ್ಕೆ ತಾನೇ ಒಬ್ಬ ಆಳನ್ನು ಹುಡುಕಿ ತಂದು ನಿಲ್ಲಿಸಿ ಹೋಗಬೇಕು. ಸಿಗದಿದ್ದರೆ ರಜೆ ಕೇಳುವುದೇ ಇಲ್ಲ. ಕೇಳದಿದ್ದರೆ ಇಲ್ಲ ಅನ್ನುವ ಪ್ರಸಂಗವೂ ಇಲ್ಲ.

ಆಕೆ ಸಾಹುಕಾರನ ಎದುರು ಬಂದು ಕೂತಳು. ಇವನನ್ನು ನಾಳೆಯೇ ಆಸ್ಪತ್ರೆಗೆ ಕಳಿಸಿ ಎಂದಳು.

“ನಾನು ಯಾರಿಗೂ ರಜೆ ಇಲ್ಲ ಅಂದಿಲ್ಲ ಮೇಡಂ. ಬದಲಿ ತಂದು ಹೋಗು ಅಂತೀನಿ, ಅಷ್ಟೆ. ನಮ್ಮಪ್ಪನ ಕಾಲದಿಂದ ಹೀಗೇ ನಡೆದಿದೆ.”

“ಗೋಡೆ ಮೇಲಿರೋದು ಸರಕಾರದ ಕಾನೂನು, ಒಲೆ ಮುಂದೆ ನಡೀತಿರೋದು ನಿಮ್ಮಪ್ಪನ ಕಾನೂನು. ಅಧಿಕಾರಿ ಗೋಡೆ ನೋಡಿ ಹೋಗಬಹುದು, ನಾನು ಹೋಗೋದಿಲ್ಲ.”

ಸಾಹುಕಾರ ಬಗ್ಗಲಿಲ್ಲ. ಇದು ಹಬ್ಬದ ಹೊತ್ತು, ಒಲೆ ಆರಿದರೆ ಗಿರಾಕಿ ಬೇರೆ ಭಟ್ಟಿಗೆ ಹೋಗುತ್ತಾನೆ ಎಂದ. ನಿಮ್ಮನ್ನು ಕರೆಸಿದ್ದು ನನಗೆ ನೆರವಾಗಲಿ ಎಂದು, ನನ್ನ ಆಳಿನ ಪರ ವಾದಿಸಲಿ ಎಂದಲ್ಲ ಎಂದೂ ಚುಚ್ಚಿದ. ಆಕೆ ಬೇಸರಪಡಲಿಲ್ಲ. ನೆರವಿಗೇ ಬಂದಿದ್ದೇನೆ ಎಂದು ಹೇಳಿ, ವ್ಯಾಪಾರದ ಮಾತನ್ನೇ ಎತ್ತಿದಳು. ಆಪರೇಷನ್ ಆದರೆ ಇವನು ಒಂದು ತಿಂಗಳು ಇರುವುದಿಲ್ಲ, ಕಣ್ಣು ಹೋದರೆ ಎಂದೂ ಇರುವುದಿಲ್ಲ. ಎರಡರಲ್ಲೂ ನಿಮಗೆ ಇನ್ನೊಂದು ಕೈ ಬೇಕೇ ಬೇಕು. ಈಗಾದರೆ ಕಲಿಸಲು ಇವನಿದ್ದಾನೆ. ಆಮೇಲೆ ಯಾರು ಕಲಿಸುತ್ತಾರೆ?

ಸಾಹುಕಾರ ಬಹಳ ಹೊತ್ತು ಎಲೆಯಡಿಕೆ ಜಗಿದ. ಕಾನೂನು ಅವನಿಗೆ ನಾಟಿರಲಿಲ್ಲ, ಇದು ನಾಟಿತು.

ಮರುದಿನ ಹುರಿಯುವವನನ್ನು ಒಲೆಯಿಂದ ದೂರ, ಬಾಗಿಲ ಪಕ್ಕ ಕೂರಿಸಿದರು. ಅಲ್ಲಿಂದಲೇ ಅವನು ಕಲಿಸಬೇಕು. ಜುಟ್ಟು ಹಿಡಿದು ಎಳೆದರೂ ಯಾರೂ ಮುಂದೆ ಬರಲಿಲ್ಲ. ಕರಕಾದರೆ ಬೈಗುಳ ಯಾರು ತಿನ್ನಬೇಕು? ಕೊನೆಗೆ ಆಕೆ ಸಾಹುಕಾರನ ಮುಖ ನೋಡಿದಳು. ಅವನು ಪಂಚೆ ಎತ್ತಿ ಕಟ್ಟಿ ತಾನೇ ಒಲೆಯ ಮುಂದೆ ನಿಂತ. ಮೊದಲ ಬಾಣಲೆ ಪೂರ್ತಿ ಕಪ್ಪಾಯಿತು. ಜರಡಿಯ ಹೆಂಗಸು ಅದನ್ನು ಮೊರದಲ್ಲಿ ತೆಗೆದುಕೊಂಡು, ಸಾಹುಕಾರ್ರು ಇವತ್ತು ಕರಿ ಎಳ್ಳು ಹುರಿದಿದ್ದಾರೆ ಎಂದಳು. ಭಟ್ಟಿಗೆ ಭಟ್ಟಿಯೇ ನಕ್ಕಿತು. ಸಾಹುಕಾರನೂ ಬೆವರು ಒರೆಸಿಕೊಂಡು ನಕ್ಕ. ಮಾಲೀಕನ ಕೈಯಲ್ಲೇ ಕರಕಾದ ಮೇಲೆ ಉಳಿದವರಿಗೆ ಹೆದರಿಕೆ ಹೋಯಿತು. ಜರಡಿಯ ಹೆಂಗಸೇ ಜಾಲರಿ ಹಿಡಿದಳು, ಅವಳ ಜೊತೆಗೆ ಮೂಟೆ ಹೊರುವವನೊಬ್ಬ. ಹುರಿಯುವವನು ಬಾಗಿಲಿನಿಂದಲೇ ಸದ್ದು ಕೇಳಿ, ಇಳಿಸು, ಇನ್ನೊಂದು ಹಿಡಿ ಹಾಕು, ಉರಿ ತಗ್ಗಿಸು ಎಂದು ಹೇಳಿಕೊಟ್ಟ.

ಕೆಲವು ಚೀಲ ಕೆಟ್ಟವು. ಆಕೆ ದಿನವೂ ಬಂದು ನೋಡಿ ಹೋದಳು. ಕೈ ಕೂತಿತು ಅನ್ನಿಸಿದ ದಿನ ಹುರಿಯುವವನು ಆಸ್ಪತ್ರೆಗೆ ಹೋದ. ಅವನು ಹೋದ ಮೇಲೂ ಒಲೆ ಆರಲಿಲ್ಲ.

ಅವನು ಮರಳಿ ಬಂದಾಗ ಒಂದು ಕಣ್ಣು ಉಳಿದಿತ್ತು. ಇನ್ನೊಂದಕ್ಕೆ ಹೊತ್ತು ಮೀರಿತ್ತು.

ಅಂದಿನಿಂದ ಭಟ್ಟಿಯಲ್ಲಿ ರಜೆ ಕೇಳಿದವನು ಬದಲಿ ಹುಡುಕುವುದು ನಿಂತಿತು. ಯಾರು ಎಲ್ಲಿಗೆ ಹೋದರೂ ಆ ಜಾಗಕ್ಕೆ ಒಬ್ಬನನ್ನು ನಿಲ್ಲಿಸುವುದು ಸಾಹುಕಾರನ ಹೊಣೆಯಾಯಿತು. ಮೂಟೆಯವನು ತಂಗಿಯ ಮದುವೆಗೆ ಹೋಗಿ ಬಂದ. ಜರಡಿಯ ಹೆಂಗಸು ತಾನು ಹೆತ್ತಾಗ ಬಾಣಂತನ ಕಂಡಿರಲಿಲ್ಲ, ಮಗಳ ಬಾಣಂತನ ಮಾಡಿ ಬಂದಳು. ಅಧಿಕಾರಿ ಬಂದು, ಈ ಭಟ್ಟಿಯಲ್ಲಿ ಜನ ರಜೆ ಹೆಚ್ಚು ತೆಗೆದುಕೊಳ್ಳುತ್ತಾರಲ್ಲ ಎಂದು ಆಶ್ಚರ್ಯಪಟ್ಟ. ಅದಕ್ಕೇ ಕರಕು ಕಡಿಮೆ ಎಂದು ಸಾಹುಕಾರ ಒಂದು ಹಿಡಿ ಮಂಡಕ್ಕಿ ಅವನ ಕೈಗೆ ಹಾಕಿದ.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

ಶಿಷ್ಯನ ಮುಖ ಅರಳಿತು. ಇನ್ನು ಮೇಲೆ ಫಲಕ ನೋಡುವುದಿಲ್ಲ, ರಜೆಗೆ ಹೋದವನ ಜಾಗದಲ್ಲಿ ಯಾರು ನಿಂತಿದ್ದಾರೆ, ಅವರನ್ನು ನಿಲ್ಲಿಸಿದ್ದು ಯಾರು ಎಂದು ನೋಡುತ್ತೇನೆ, ನಾಳೆಯಿಂದಲೇ ಎಲ್ಲ ಮಾಲೀಕರಿಗೂ ಈ ಪ್ರಶ್ನೆ ಹಾಕುತ್ತೇನೆ ಎಂದು ಎದ್ದು ನಿಂತ.

ಗುರುಗಳು ಅವನ ಚಪ್ಪಲಿಯ ಕಡೆ ನೋಡುತ್ತ ಹೇಳಿದರು: “ನಿನ್ನ ಬದಲಿಗೆ ಕಚೇರಿಯಲ್ಲಿ ಗುಮಾಸ್ತ ಕೂತಿದ್ದಾನೆ, ತೊಟ್ಟಿಲ ಹತ್ತಿರ ಅವನ ಬದಲಿಗೆ ಯಾರನ್ನು ನಿಲ್ಲಿಸಿ ಬಂದೆ?”