ಬಂಡೆಯ ಮೇಲೆ ನಿಂತವಳು

"ಗುರುಗಳೇ, ಇನ್ನೂ ಎತ್ತರ ಹಾರಬೇಕಾದರೆ ನಾನೇನು ಮಾಡಬೇಕು?"

ಕೇಳಿದವನು ಹೊನ್ನೇಶ. ಹಳೆಯ ಕಲ್ಲುಕ್ವಾರಿಯಲ್ಲಿ ಗುರುಗಳ ಬಳಿ ಟ್ರಯಲ್ಸ್ ಬೈಕು ಕಲಿಯುತ್ತಿದ್ದ. ಈ ಬೈಕು ಊರಿಂದೂರಿಗೆ ಹೋಗಲಿಕ್ಕಲ್ಲ, ಕಲ್ಲು ಹತ್ತಲಿಕ್ಕೆ. ಇದಕ್ಕೆ ಸೀಟು ಇಲ್ಲ. ನಿಂತೇ ನಡೆಸಬೇಕು. ಕಾಲು ನೆಲಕ್ಕೆ ತಾಗಿದರೆ ತಪ್ಪು.

ಹೊನ್ನೇಶ ಸೊಂಟದೆತ್ತರದ ಕಲ್ಲಿಗೆ ಹಾರುತ್ತಿದ್ದ. ಎದೆಯೆತ್ತರದ ಕಲ್ಲು ಮಾತ್ರ ಆಗುತ್ತಿರಲಿಲ್ಲ. ಕ್ಲಚ್ ಬಿಡುವುದು ಕಲಿತಿದ್ದ. ಮೊಣಕಾಲು ಮಡಿಸಿ ಮೈಯನ್ನು ಮೇಲಕ್ಕೆ ಚಿಮ್ಮಿಸುವುದು ಕಲಿತಿದ್ದ. ಹೇಳಿದ್ದನ್ನೆಲ್ಲ ಹೇಳಿದ ಹಾಗೆಯೇ ಮಾಡುತ್ತಿದ್ದ. ಆದರೂ ಮುಂದಿನ ಚಕ್ರ ಹೋಗಿ ಕಲ್ಲಿನ ಅಂಚಿಗೆ ಬಡಿಯುತ್ತಿತ್ತು. ತಪ್ಪುತ್ತಿರುವುದು ಎಲ್ಲಿ ಎಂದು ಯೋಚಿಸಿ ಯೋಚಿಸಿ ಅವನಿಗೆ ತಲೆ ಕೆಟ್ಟಿತ್ತು.

ಗುರುಗಳು ಕೈಯಲ್ಲಿದ್ದ ಸ್ಪ್ಯಾನರು ಕೆಳಗಿಟ್ಟರು.

"ಕೂತ್ಕೋ," ಅಂದರು.

ಹೊನ್ನೇಶ ಕೂತ. ಗುರುಗಳು ಹೇಳಿದರು.

ಒಬ್ಬ ಸವಾರ ಇದ್ದ. ಅವನಿಗೊಬ್ಬಳು ಹೆಂಡತಿ.

ಸವಾರ ಮೊದಲ ಸಲ ಈ ಥರದ ಬೈಕು ಮನೆಗೆ ತಂದ. ಹೆಂಡತಿ ಹೊರಗೆ ಬಂದು ಅದರ ಸುತ್ತ ಒಂದು ಸುತ್ತು ಹಾಕಿದಳು.

"ರೀ, ಸೀಟೆಲ್ಲಿ?"

"ಇದಕ್ಕೆ ಸೀಟಿರಲ್ಲ."

"ಮತ್ತೆ ನನ್ನನ್ನ ಎಲ್ಲಿ ಕೂರಿಸ್ತೀರಿ?"

ಸವಾರ ಬೈಕನ್ನು ಗೋಡೆಗೆ ಒರಗಿಸಿದ.

"ಒಳ್ಳೇ ಗಾಡಿ ತಂದ್ರಿ ಬಿಡಿ. ಹೆಂಡ್ತಿ ಜೊತೆಗೆ ಬರಬಾರದು ಅಂತಲೇ ಮಾಡಿಸಿದ ಹಾಗಿದೆ," ಅಂದಳು.

ಆದರೂ ಅವಳು ಜೊತೆಗೆ ಹೋದಳು. ಅವನು ಬೈಕು ತಳ್ಳಿಕೊಂಡು, ಅವಳು ನೀರಿನ ಬಾಟಲಿ ಹಿಡಿದುಕೊಂಡು, ಇಬ್ಬರೂ ಕ್ವಾರಿಗೆ ನಡೆದೇ ಹೋಗುತ್ತಿದ್ದರು.

ಕ್ವಾರಿಯಲ್ಲಿ ಒಂದು ಬಂಡೆ ಇತ್ತು. ಅದಕ್ಕೆ ಹಾರುವಾಗ ಮೇಲೆ ಒಬ್ಬರು ನಿಲ್ಲಬೇಕು. ಯಾಕೆಂದರೆ ಬೈಕು ಅರ್ಧ ಹತ್ತಿ ಹಿಂದಕ್ಕೆ ಮಗುಚಿದರೆ ಸವಾರ ಕೆಳಗೆ, ಬೈಕು ಅವನ ಮೇಲೆ. ಹಾಗಾಗದಂತೆ ಮೇಲಿನವರು ಹ್ಯಾಂಡಲಿಗೆ ಕೈ ಹಾಕಿ ಎಳೆದುಕೊಳ್ಳಬೇಕು.

"ನಾನೇ ನಿಲ್ತೀನಿ. ಕೂರೋದಕ್ಕಂತೂ ಜಾಗ ಕೊಡಲಿಲ್ಲ, ನಿಲ್ಲೋದಕ್ಕಾದರೂ ಇರಲಿ," ಅಂದಳು ಹೆಂಡತಿ.

ಬಂಡೆಯ ಹಿಂಬದಿ ಇಳಿಜಾರು. ಅವಳು ಆ ಕಡೆಯಿಂದ ನಡೆದು ಹತ್ತಿ, ಅಂಚಿನ ಹತ್ತಿರ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

ಅಂದಿನಿಂದ ಅದು ಅವಳ ಜಾಗವಾಯಿತು. ಅವನು ಕೆಳಗೆ ಬೈಕು ಸಜ್ಜು ಮಾಡುತ್ತಿದ್ದರೆ ಅವಳು ಮೇಲಿಂದ ಕೂಗುತ್ತಿದ್ದಳು.

"ಬೇಗ ಬನ್ನಿ ರೀ, ಬೇಳೆ ಬೇಯೋಕಿಟ್ಟು ಬಂದಿದೀನಿ. ಪಕ್ಕದ ಮನೆಯವಳು ಎಷ್ಟು ಹೊತ್ತು ನೋಡ್ಕೋತಾಳೆ?"

ಅವನು ಬರುತ್ತಿದ್ದ. ಹಾರುತ್ತಿದ್ದ. ಮುಂದಿನ ಚಕ್ರ ಅವಳ ಕಾಲ ಹತ್ತಿರ ಬಂದು ನಿಲ್ಲುತ್ತಿತ್ತು. ಅವಳು ಹ್ಯಾಂಡಲಿಗೆ ಕೈ ಹಾಕಬೇಕಾಗಿ ಬಂದದ್ದೇ ಇಲ್ಲ. ಒಂದು ದಿನ ಅವನು ನಗುತ್ತಾ ಹೇಳಿದ.

"ನಿನಗೆ ಮೇಲೆ ಕೆಲಸವೇ ಇಲ್ಲ ನೋಡು."

"ಸಂಬಳವೂ ಇಲ್ಲವಲ್ಲ," ಅಂದಳು ಅವಳು.

ವರ್ಷಗಳು ಹೀಗೆ ಹೋದವು. ಆಮೇಲೆ ಅವಳಿಗೆ ಜ್ವರ ಬಂತು. ಮಲಗಿದಳು. ಏಳಲಿಲ್ಲ.

ಸವಾರ ಬಹಳ ದಿನ ಕ್ವಾರಿಯ ಕಡೆ ಹೋಗಲಿಲ್ಲ. ಬೈಕಿನ ಮೇಲೆ ಧೂಳು ಕೂತಿತು. ಮನೆಯಲ್ಲಿ ಮಾಡಲು ಏನೂ ಇರಲಿಲ್ಲ. ಒಂದು ದಿನ ಧೂಳು ಒರೆಸಿದ. ಬೈಕು ತಳ್ಳಿಕೊಂಡು ಹೋದ.

ಬಂಡೆ ಅದೇ. ಬೈಕು ಅದೇ. ಅವನು ಎಂದಿನಂತೆ ಬಂದ. ಎಂದಿನಂತೆ ಕ್ಲಚ್ ಬಿಟ್ಟ. ಚಕ್ರ ಅಂಚಿಗೆ ಬಡಿಯಿತು. ಬಿದ್ದ.

ಮತ್ತೆ ಬಂದ. ಮತ್ತೆ ಬಿದ್ದ.

ಅವನಿಗೆ ಇದು ಅರ್ಥವಾಗಲಿಲ್ಲ. ಕೈ ಅದೇ, ಕಾಲು ಅದೇ. ಕಲಿತದ್ದು ಯಾವುದೂ ಮರೆತಿಲ್ಲ. ಮೆಕ್ಯಾನಿಕ್ಕು ಕ್ಲಚ್ ಪ್ಲೇಟು ಹೋಗಿದೆ ಎಂದು ಹೊಸದು ಹಾಕಿದ. ಒಬ್ಬ ಟೈರಿನಲ್ಲಿ ಗಾಳಿ ಜಾಸ್ತಿಯಾಯಿತು ಅಂದ. ಇನ್ನೊಬ್ಬ ಕಡಿಮೆಯಾಯಿತು ಅಂದ. ಸವಾರ ಬೆಳಿಗ್ಗೆ ಗಾಳಿ ಬಿಟ್ಟ, ಸಂಜೆ ಗಾಳಿ ತುಂಬಿದ. ಪಕ್ಕದ ಮನೆಯವಳು, "ಸರಿಯಾಗಿ ಊಟ ಮಾಡಣ್ಣ, ಎಲ್ಲ ಸರಿ ಹೋಗುತ್ತೆ," ಅಂದಳು. ಅವನು ಊಟ ಮಾಡಿದ. ಏನೂ ಸರಿ ಹೋಗಲಿಲ್ಲ.

ಮೇಲೆ ನಿಲ್ಲುವವರು ಇಲ್ಲದ್ದಕ್ಕೆ ಹೀಗಾಗುತ್ತಿದೆಯೇನೋ ಎಂದು ಒಬ್ಬ ಗಟ್ಟಿ ಆಳನ್ನು ಕರೆದುಕೊಂಡು ಹೋಗಿ ನಿಲ್ಲಿಸಿದ. ಹಸಿ ಮರದ ದಿಮ್ಮಿಯನ್ನು ಒಬ್ಬನೇ ಹೊರುವ ಆಳು. ಸವಾರ ಬರುವಾಗ ಆ ಆಳಿನ ಕೈ ನೋಡಿದ, ಹಿಡಿದಾನೋ ಇಲ್ಲವೋ ಎಂದು. ಕಾಲು ನೋಡಿದ. ಆಮೇಲೆ ಬಂಡೆಯ ಅಂಚು ನೋಡಿದ. ಬಿದ್ದ.

ಬಂಡೆಯೇ ಬೆಳೆದಿರಬೇಕು ಎಂದು ಅವನಿಗೆ ಅನ್ನಿಸಿತು. ಯಾರಾದರೂ ಕೇಳಿದರೆ ನಗುತ್ತಾರೆ. ಆದರೂ ಒಂದು ಕೋಲು ತಂದು ಬಂಡೆಗೆ ಆನಿಸಿ ಅಳೆದ. ಎದೆಯ ತನಕ ಬಂತು. ಮೊದಲು ಎಷ್ಟಿತ್ತು? ಅದು ಅವನಿಗೆ ಗೊತ್ತಿರಲಿಲ್ಲ. ಮೊದಲು ಅವನು ಅದನ್ನು ಅಳೆದೇ ಇರಲಿಲ್ಲ. ಇಷ್ಟು ವರ್ಷ ಹಾರಿದ ಬಂಡೆಯನ್ನು ಸರಿಯಾಗಿ ನೋಡಿಯೂ ಇರಲಿಲ್ಲ. 

ಕೊನೆಗೆ ಬೈಕು ಮಾರಿಬಿಡುವುದು ಎಂದು ಮನಸ್ಸು ಮಾಡಿದ. ಆದರೆ ಕೊಡುವುದಕ್ಕೆ ಮುಂಚೆ ಒಂದೇ ಒಂದು ಸಲ ಆ ಬಂಡೆಯ ಮೇಲೆ ಹೋಗಬೇಕು. ಅವಳಿದ್ದ ಜಾಗ ಅದು. ಅಲ್ಲಿಗೆ ಹೋಗಲು ಆಗದೆ ಹೋದರೆ ಹಿಂದೆ ಹೋಗಿದ್ದೆಲ್ಲ ಸುಳ್ಳಾದಂತೆ ಅವನಿಗೆ ಕಾಣುತ್ತಿತ್ತು. ಹಾಗೆಂದು ದಿನವೂ ಹೋದ. ದಿನವೂ ಬಿದ್ದ.

ಒಂದು ದಿನ ಬೈಕು ಕೊಳ್ಳಲು ಒಬ್ಬ ಗಾರೆ ಕೆಲಸದವನು ಬಂದ. ಅವನೂ ಬೈಕು ಹಾರಿಸುವವನೇ, ಸವಾರನ ಹಳೆಯ ಸ್ನೇಹಿತ.

"ತಗೊಳ್ಳೋಕೆ ಮುಂಚೆ ಒಂದು ಸಲ ಹಾರಿಸಿ ನೋಡ್ತೀನಿ ಕಣಯ್ಯಾ. ನೀನು ಮೇಲೆ ನಿಂತ್ಕೋ," ಅಂದ.

ಸವಾರ ಹಿಂಬದಿಯಿಂದ ನಡೆದು ಬಂಡೆ ಹತ್ತಿದ. ಅವನು ಅಲ್ಲಿಗೆ ನಡೆದು ಹೋದದ್ದು ಅದೇ ಮೊದಲು. ಅವಳು ಎಲ್ಲಿ ನಿಲ್ಲುತ್ತಿದ್ದಳು ಎಂದು ನೋಡಿದ. ಅಂಚಿಗೆ ಬಹಳ ಹತ್ತಿರ. ಅಲ್ಲಿ ನಿಂತು ಕೆಳಗೆ ನೋಡಿದ.

ಗಾರೆಯವನು ಬಂದ. ಬೈಕು ಸದ್ದು ಮಾಡಿಕೊಂಡು ನೇರ ಎದೆಗೇ ಬಂದ ಹಾಗೆ ಬಂತು. ಸವಾರನ ಕಾಲು ತಾನೇ ಹಿಂದಕ್ಕೆ ಹೋಯಿತು.

ಚಕ್ರ ಅಂಚಿಗೆ ಬಡಿಯಿತು. ಗಾರೆಯವನು ಕೆಳಗೆ ಉರುಳಿದ. ಮೊಣಕೈ ತರಚಿತು.

"ಅಯ್ಯೋ ಪುಣ್ಯಾತ್ಮಾ, ಯಾಕೆ ಹಿಂದೆ ಸರಿದೆ?" ಎಂದು ಕೂಗಿದ.

"ಮೈಮೇಲೆ ಬಂದ ಹಾಗಾಯ್ತು."

"ಮೈಮೇಲೆ ಬರದೆ ಇನ್ನೆಲ್ಲಿಗೆ ಬರಲಿ? ನಿನ್ನ ಮುಖ ನೋಡ್ಕೊಂಡೇ ಅಲ್ವೇನಯ್ಯಾ ನಾನು ಬರ್ತಿದ್ದದ್ದು! ನೀನು ಸರಿದೆ, ನನ್ನ ಕಣ್ಣು ಕಲ್ಲಿಗೆ ಬಿತ್ತು. ಕಣ್ಣು ಬಿದ್ದ ಕಡೆಗೇ ಗಾಡಿಯೂ ಹೋಯ್ತು."

ಸವಾರ ಮತ್ತೆ ಅಂಚಿಗೆ ಬಂದು ನಿಂತ.

"ಗಾಡಿ ಚೆನ್ನಾಗಿದೆ. ಮೇಲೆ ನಿಲ್ಲೋನು ಮಾತ್ರ ಸರಿಯಿಲ್ಲ," ಅಂದ ಗಾರೆಯವನು, ಧೂಳು ಕೊಡವಿಕೊಳ್ಳುತ್ತ.

"ಇನ್ನೊಂದು ಸಲ ಬಾ," ಅಂದ ಸವಾರ.

ಗಾರೆಯವನು ಬಂದ. ಸವಾರ ಸರಿಯಬಾರದು ಎಂದುಕೊಂಡೇ ನಿಂತಿದ್ದ. ಕಾಲು ಕೇಳಲಿಲ್ಲ. ಮತ್ತೆ ಬಾ ಅಂದ. ಮತ್ತೆ ಸರಿದ. ಗಾರೆಯವನು ಬೈದುಕೊಂಡೇ ಬೈಕು ಎತ್ತಿದ.

ಸವಾರನಿಗೆ ಅವಳ ಕಾಲು ನೆನಪಾಯಿತು. ಅದು ಒಮ್ಮೆಯೂ ಅಲ್ಲಾಡಿರಲಿಲ್ಲ. ಬೈಕು ಹೀಗೆ ಎದೆಗೆ ಬರುತ್ತಿದ್ದಾಗ ಅವಳು ಬೇಳೆಯ ಮಾತಾಡುತ್ತಿದ್ದಳು. ಅವಳಿಗೂ ಹೀಗೇ ಹೆದರಿಕೆ ಆಗುತ್ತಿತ್ತೇ? ಆಗುತ್ತಲೇ ಇರಲಿಲ್ಲವೇ? ಅವನು ಕೇಳಿರಲಿಲ್ಲ. ಈಗ ಯಾರನ್ನು ಕೇಳುವುದು?

"ಬರಲೇನಯ್ಯಾ?" ಎಂದು ಗಾರೆಯವನು ಕೆಳಗಿನಿಂದ ಕೇಳಿದ.

"ಬಾ."

ಬೈಕು ಬಂತು. ಸವಾರ ಗಾರೆಯವನ ಕಣ್ಣನ್ನೇ ನೋಡುತ್ತ ನಿಂತ. ಮೈ ಬೆವೆತಿತು. ಕಾಲು ಅಲ್ಲೇ ಉಳಿಯಿತು. ಗಾರೆಯವನು ಆ ಮುಖ ಬಿಟ್ಟು ಬೇರೆ ಏನನ್ನೂ ನೋಡಲಿಲ್ಲ. ಮುಂದಿನ ಚಕ್ರ ಅಂಚು ದಾಟಿ ಸವಾರನ ಕಾಲ ಹತ್ತಿರ ಇಳಿಯಿತು. ಹಿಂದಿನದೂ ಬಂತು.

"ಹಾರಿದೆ ಕಣೋ! ಈ ಬಂಡೆ ನನ್ನ ಜನ್ಮದಲ್ಲಿ ಹಾರಿರಲಿಲ್ಲ!" ಎಂದು ಗಾರೆಯವನು ಕುಣಿದಾಡಿದ.

ಸವಾರ ಅವನನ್ನು ನೋಡಿದ. ಕೆಳಗೆ ನೋಡಿದ. ತನ್ನ ಕಾಲು ನೋಡಿಕೊಂಡ. ಈಗ ಹಾರಿದವನು ಯಾರು? ಹಾಗಾದರೆ ಅಷ್ಟು ವರ್ಷ ಹಾರಿದ್ದು ಯಾರು? ಅವನಿಗೆ ಒಂದೂ ತಿಳಿಯಲಿಲ್ಲ. ತಿಳಿಯದೆಯೇ ಅವನಿಗೆ ಅಳು ಬಂತು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಹೊನ್ನೇಶ ಇನ್ನೂ ಏನಾದರೂ ಹೇಳುತ್ತಾರೆಂದು ಕಾದ. ಗುರುಗಳು ಸ್ಪ್ಯಾನರು ಕೈಗೆತ್ತಿಕೊಂಡರು. ಕೇಳಿದ್ದು ಎತ್ತರ ಹಾರುವ ಮಾತು; ಕೇಳಿಸಿಕೊಂಡದ್ದು ಸತ್ತುಹೋದ ಒಬ್ಬ ಹೆಂಗಸಿನ ಕತೆ. ಒಂದಕ್ಕೊಂದು ಹೇಗೆ ಸೇರುತ್ತದೆ ಎಂದು ಅವನಿಗೆ ಹೊಳೆಯಲಿಲ್ಲ. ಏನೋ ಸ್ವಲ್ಪ ಹೊಳೆದಂತಾಯಿತು, ಅದೂ ಕೈಗೆ ಸಿಗಲಿಲ್ಲ.

"ಹಾರಿದ್ದು ಗಾರೆಯವನು, ಸರಿ. ಸವಾರನ ಗತಿ ಏನಾಯಿತು ಗುರುಗಳೇ? ಅಷ್ಟೊಂದು ಆಸೆ ಇಟ್ಟುಕೊಂಡಿದ್ದನಲ್ಲ, ಅವನು ಕೊನೆಗೂ ಆ ಬಂಡೆಯ ಮೇಲೆ ಹೋದನೋ ಇಲ್ಲವೋ?"

ಗುರುಗಳು ಅವನ ಮುಖವನ್ನೇ ನೋಡುತ್ತ ಹೇಳಿದರು:

"ಅವನು ಮೇಲೆಯೇ ನಿಂತಿದ್ದನಲ್ಲಪ್ಪಾ."