ದೊರೆಗೆ ಏಟಾಗಬಾರದು

ಹೂಂಗುಟ್ಟೋರು ಮುಂದೆ ಕೂತ್ಕಳಿ, ತೂಕಡಿಸೋರು ಗೋಡೆಗೆ ಒರಗ್ಕಳಿ. ಮದ್ದೂರು ಸೀಮೆಯ ಒಂದೂರಲ್ಲಿ ಹೊಂಬಾಳಮ್ಮ ಅಂತ ಒಬ್ಬಳಿದ್ದಳು. ಅವಳಿಗೆ ಒಬ್ಬನೇ ಮಗ, ದೊಡ್ಡೀರ. ಆಳು ಆನೆಯಂಥವನು. ಕಂಕುಳಿಗೊಂದು ಅಕ್ಕಿ ಮೂಟೆ ಇರುಕಿಕೊಂಡು ಓಡೋನು. ಮೀಸೆ ಬಂದು ಎಷ್ಟೋ ವರ್ಷ ಆಗಿತ್ತು. ಬುದ್ಧಿ ಮಾತ್ರ ಬರೋ ದಾರೀಲೇ ಎಲ್ಲೋ ಕೂತುಬಿಟ್ಟಿತ್ತು.

ಹೇಳಿದ ಮಾತು ಕೇಳ್ತಿರಲಿಲ್ಲ ಅಂತಲ್ಲ. ಹೇಳಿದ್ದನ್ನೇ ಮಾಡೋನು. ಅದೇ ಬಂದಿದ್ದು ತಾಪತ್ರಯ! "ಒಸಿ ತಲೆ ಓಡಿಸ್ಲಾ!" ಅಂದರೆ ತಲೆ ಮುಂದಕ್ಕೆ ಚಾಚಿಕೊಂಡು ಕೆರೆ ಏರಿ ಮೇಲೆ ಓಡಿ ಬರೋನು. "ಸಾರು ಕೈಯಾಡಿಸ್ಲಾ!" ಅಂದರೆ ಕುದಿಯೋ ಸಾರಿಗೇ ಕೈ ಹಾಕೋನು. ಊರೋರು ನಗೋರು. ಹೊಂಬಾಳಮ್ಮ ತಲೆ ತಗ್ಗಿಸೋಳು. ನಲ್ಲಿ ನೀರಿಗೂ ಎಲ್ಲ ಹೆಂಗಸರು ಬಂದು ಹೋದ ಮೇಲೆ ಹೋಗೋಳು, ಯಾರಾದರೂ ಮಗನ ಸುದ್ದಿ ಎತ್ತಾರು ಅಂತ.

ಅವಳು ಅಡಿಗೆ ಮಾಡ್ತಿದ್ದದ್ದು ರೈಸ್ ಮಿಲ್ಲಿನ ಚಲುವೇಗೌಡರ ಮನೇಲಿ. ಗೌಡರ ನಡುಮನೇಲಿ ಒಂದು ಗಾಜಿನ ತೊಟ್ಟಿ. ಎತ್ತಿನಗಾಡಿಯಷ್ಟು ಉದ್ದ, ಕಟ್ಟೆ ಮೇಲೆ ಕೂರಿಸಿದ್ದು, ಒಟ್ಟು ನಿಂತ ಆಳಿನ ಎದೆಯೆತ್ತರ. ಅದರೊಳಗೆ ಒಂದೇ ಒಂದು ಮೀನು. ಬೆಳ್ಳಿ ತಗಡಿನಂಥ ಮೈ, ದವಡೆ ತುದೀಲಿ ಎರಡು ಮೀಸೆ, ಬೇಟೆ ಆಡಿ ತಿನ್ನೋ ಜಾತಿ. ಬೆರಳುದ್ದ ಇದ್ದಾಗ ತಂದು ಗೌಡರು ಕೈಯಾರೆ ಸಾಕಿದ್ದರು. ಪೇಟೆಯೋರು ಅದಕ್ಕೆ ಅರೋವಾನ ಅಂದರೆ, ಮನೆಯೋರು ದೊರೆ ಅನ್ನೋರು.

ದೊರೆಯನ್ನ ನೋಡಿಕೊಳ್ತಿದ್ದ ಆಳು ಕೆಲಸ ಬಿಟ್ಟ. ಹೊಂಬಾಳಮ್ಮ ಸೆರಗು ಹಿಂಡುತ್ತಾ ಬಂದು ನಿಂತಳು.

"ಗೌಡ್ರೇ, ನನ್ ಮಗನ್ನ ಹಾಕ್ಕಳಿ. ಹೇಳಿದ್ದು ತಪ್ಪದೆ ಮಾಡ್ತಾನೆ."

"ಮಾಡ್ಲಿ ಬಿಡವ್ವ. ನೋಡ್ಲಾ ದೊಡ್ಡೀರ! ದೊರೆಗೆ ಒಂದು ಗೀರು ಏಟಾಗಬಾರದು. ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋಬೇಕು!"

"ಆಗ್ಲಿ ಗೌಡ್ರೇ!"

ಗೌಡರು ಮಿಲ್ಲಿಗೆ ಹೋದರು. ದೊಡ್ಡೀರ ಹೋಗಿ ಗಾಜಿಗೆ ಮೂಗೊತ್ತಿ ಮೀನಿನ ಕಣ್ಣಿಗೆ ಸರಿಯಾಗಿ ತನ್ನ ಕಣ್ಣಿಟ್ಟ. ಮೀನು ಆ ಕಡೆ ಹೋಯ್ತು, ಇವನೂ ಆ ಕಡೆ ಹೋದ. ಮೀನು ಈ ಕಡೆ ಬಂತು, ಇವನೂ ಈ ಕಡೆ ಬಂದ. ಅಷ್ಟು ದೊಡ್ಡ ಕಣ್ಣು ಕಂಡು ದೊರೆ ಬೆದರಿಬಿಡ್ತು. ರಪ್ ಅಂತ ಗಾಜಿಗೆ ಗುದ್ದಿತು! ತಿರುಗಿ ಆ ಕಡೆ ಗಾಜಿಗೂ ಗುದ್ದಿತು! ಕೆಳದುಟಿ ಜಜ್ಜಿತು, ಎರಡು ಹುರುಪೆ ಕಿತ್ತು ನೀರಲ್ಲಿ ತೇಲಿದವು.

"ಅಯ್ಯೋ ಹೆಡ್ಡ ನನ್ ಮಗನೆ!" ಗೌಡರು ಬಂದು ಕೂಗಾಡಿದರು. "ಮೀನಿಗೆ ಏಕಾಏಕಿ ಮುಖ ತೋರಿಸ್ತಾರೇನ್ಲಾ? ಹೊಸ ಮುಖ ಕಂಡ್ರೆ ಬೆದರ್ತದೆ! ಮನೆಗೆ ಹೊಸಬರು ಬಂದ್ರೆ ಈ ಕಪ್ಪು ಬಟ್ಟೆ ತಗೊಂಡು ಮುಚ್ಚಬೇಕು!"

"ಆಗ್ಲಿ ಗೌಡ್ರೇ! ಹೊಸಬರು ಬಂದ್ರೆ ಮುಚ್ಚಬೇಕು!"

ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದ ಹೊಂಬಾಳಮ್ಮ ತಲೆ ತಗ್ಗಿಸಿಕೊಂಡು ಒಳಗೆ ಸರಿದಳು.

ಆ ವಾರವೇ ಗೌಡರ ಮಗಳು ರೂಪಶ್ರೀಯನ್ನ ನೋಡೋಕೆ ಗಂಡಿನ ಕಡೆಯೋರು ಬಂದರು. ಮುಂದೆ ಗಂಡಿನ ಅಪ್ಪ ಜವರೇಗೌಡರು, ಇಸ್ತ್ರಿ ಮಾಡಿದ ಕಚ್ಚೆಪಂಚೆ, ತಿರುವಿದ ಮೀಸೆ. ಹೊಸ್ತಿಲು ದಾಟಿದರೋ ಇಲ್ಲವೋ, ದೊಡ್ಡೀರ ಕಪ್ಪು ಬಟ್ಟೆ ಬೀಸಿ ಅವರ ತಲೆ ಮೇಲೆ ಹಾಕೇ ಬಿಟ್ಟ!

"ಅಯ್ಯಯ್ಯೋ! ಯಾರ್ಲಾ ಅದು!"

"ಹೊಸಬರಲ್ವಾ ಸಾಮಿ? ನಿಮ್ಮ ಮುಖ ಕಂಡ್ರೆ ಮೀನು ಬೆದರ್ತದೆ!"

ಚಲುವೇಗೌಡರು ಕೈ ಮುಗಿದು, ನಕ್ಕು, ಹೇಗೋ ತೇಲಿಸಿದರು. ಹೊಂಬಾಳಮ್ಮ ಮಗನ್ನ ಹಿತ್ತಲಿಗೆ ಎಳೆದುಕೊಂಡು ಹೋಗಿ ಬೆನ್ನಿಗೆ ನಾಲ್ಕು ಗುದ್ದಿದಳು. "ನನ್ ಮಾನ ಕಳೀತೀಯಲ್ಲೋ! ಮನೆಗೆ ಬಂದೋರ್ಗೆ ಹಂಗಾ ಮಾಡೋದು? ನಗ್ತಾ ಒಳಕ್ಕೆ ಕರ್ಕೊಂಡು, ಮನೇಲಿರೋರ ಪಕ್ಕ ಕೂರಿಸಿ, ಮಾತಾಡ್ಕಳಿ ಅಂತ ಬಿಡ್ಬೇಕು!"

"ಆಗ್ಲಿ ಕಣವ್ವ! ಪಕ್ಕ ಕೂರಿಸಿ ಬಿಡ್ಬೇಕು!"

ಆಮೇಲೆ ಮೈಸೂರಿಂದ ಬಸ್ಸಲ್ಲಿ ಒಂದು ಡ್ರಮ್ಮು ಬಂತು. ಒಳಗೆ ಇನ್ನೊಂದು ಮೀನು, ಮೊಸಳೆ ಮೂತಿಯದು, ಬಾಯಿ ತುಂಬ ಹಲ್ಲು. ಬೇರೆ ತೊಟ್ಟಿ ಕಟ್ಟಿಸೋವರೆಗೂ ಡ್ರಮ್ಮಲ್ಲೇ ಇರಲಿ ಅಂದುಕೊಂಡಿದ್ದರು ಗೌಡರು. ಹಾಗಂತ ದೊಡ್ಡೀರನಿಗೆ ಹೇಳಿರಲಿಲ್ಲ. ಅವನು ಹಲ್ಲು ಕಿರಿದು "ಬನ್ನಿ ಬನ್ನಿ!" ಅಂತ ಡ್ರಮ್ಮು ಎತ್ತಿ ಹೊಸ ಮೀನನ್ನ ದೊರೆ ಪಕ್ಕಕ್ಕೆ ಸುರಿದ.

"ಮಾತಾಡ್ಕಳಿ!"

ಮಾತೆಲ್ಲಿ ಬಂತು! ಮೊಸಳೆ ಮೂತಿ ದೊರೆಯ ಬಾಲ ಹಿಡೀತು. ದೊರೆ ಅದರ ಬೆನ್ನು ಹಿಡೀತು. ಗೌಡರು ಊಟದ ಎಂಜಲು ಕೈಯಲ್ಲೇ ಓಡಿ ಬಂದು ಅಲ್ಲಿದ್ದ ಹಲಗೆಯನ್ನ ಎರಡರ ನಡುವೆ ಇಳಿಸದೇ ಹೋಗಿದ್ದರೆ ಎರಡೂ ಸಾಯ್ತಿದ್ದವು. ದೊರೆಯ ಬಾಲದ ರೆಕ್ಕೆ ಹಳೇ ಛತ್ರಿಯ ಹಾಗೆ ಹರಿದು ಜೋತುಬಿತ್ತು. ಹೊಸ ಮೀನು ಬಂದ ಬಸ್ಸಲ್ಲೇ ವಾಪಸ್ಸು ಹೋಯ್ತು.

ಆವತ್ತು ಗೌಡರು ಕೂಗಾಡಲಿಲ್ಲ. ತೊಟ್ಟಿ ಮುಂದೆ ಕುಕ್ಕರಗಾಲಲ್ಲಿ ಕೂತು ಬಾಲವನ್ನೇ ನೋಡ್ತಾ ಇದ್ದರು. ಕೂಗಾಡಿದ್ದರೆ ಚೆನ್ನಾಗಿತ್ತು ಅನಿಸ್ತು ಹೊಂಬಾಳಮ್ಮನಿಗೆ.

"ಹಲ್ಲಿರೋ ಎರಡು ಜೀವಾನ ಪಕ್ಕಪಕ್ಕ ಬಿಡಬಾರದು ಕಣ್ಲಾ," ಅಂದರು ಮೆಲ್ಲಗೆ. "ಮಧ್ಯೆ ಹಲಗೆ ಇಡ್ಬೇಕು. ನೆಪ್ಪಿಟ್ಕೋ."

"ಆಗ್ಲಿ ಗೌಡ್ರೇ! ಹಲ್ಲಿದ್ರೆ ಹಲಗೆ!"

ಬಾಲ ವಾಸಿಯಾಗೋ ಹೊತ್ತಿಗೆ ರೂಪಶ್ರೀಯ ನಿಶ್ಚಿತಾರ್ಥ ಬಂತು. ನಡುಮನೆ ತುಂಬ ನೆಂಟರು. ಅದು ಒಳಗಿನ ಅಂಕಣ, ಕಿಟಕಿ ಇಲ್ಲ. ಹಗಲಲ್ಲೂ ದೀಪ ಬೇಕು. ಹುಡುಗ ಹುಡುಗೀನ ಹಸೆ ಮೇಲೆ ಪಕ್ಕಪಕ್ಕ ಕೂರಿಸಿದರು. ಹೊಂಬಾಳಮ್ಮ ಹೂವಿನ ತಟ್ಟೆ ಹಿಡಿದು ಅಲ್ಲೇ ನಿಂತಿದ್ದಳು. ಮಗ ಹಿತ್ತಲಲ್ಲಿ ಸೌದೆ ಒಡೀತಾ ಇದ್ದಾನೆ ಅನ್ನೋ ನೆಮ್ಮದಿ ಅವಳಿಗೆ.

ಹಿತ್ತಲಲ್ಲಿ ಎಲ್ಲಿ? ಬಂದ, ಜನರ ತಲೆ ಮೇಲಿಂದ ಇಣುಕಿದ. ಹುಡುಗ ನಗ್ತಾ ಇದ್ದ, ಹಲ್ಲು ಕಾಣ್ತು. ಹುಡುಗೀನೂ ನಗ್ತಾ ಇದ್ದಳು, ಅವಳ ಹಲ್ಲೂ ಕಾಣ್ತು.

"ಅಯ್ಯೋ ಗೌಡ್ರೇ! ಇಬ್ಬರ್ಗೂ ಹಲ್ಲವೆ!"

ಅನ್ನುತ್ತಲೇ ನುಗ್ಗಿ ಬಂದ, ಆಳುದ್ದದ ಹಲಗೆ ತಂದು ಇಬ್ಬರ ನಡುವೆ ಧಡ್ ಅಂತ ನಿಲ್ಲಿಸಿದ! ಹುಡುಗನ ಪೇಟ ಉರುಳಿತು. ಹುಡುಗಿ ಚಿಟ್ಟನೆ ಚೀರಿದಳು. ಆರತಿ ತಟ್ಟೆ ಮಗುಚಿತು.

"ಒಬ್ಬರನ್ನೊಬ್ಬರು ಕಚ್ಚಬಾರದು ಅಂತ!" ಅಂತ ಎಲ್ಲರಿಗೂ ವಿವರಿಸಿದ.

ಜವರೇಗೌಡರು ಎದ್ದು ನಿಂತರು. ಮೀಸೆ ಅದುರ್ತಾ ಇತ್ತು. "ಆವತ್ತು ನನ್ ತಲೆಗೆ ಮುಸುಕು ಹಾಕ್ದೋನೂ ಇವನೇ. ಯಾರು ಇವನು? ಯಾರ ಮಗ?"

ಕೇಳಿದ್ದು ಹತ್ತಿರ ನಿಂತಿದ್ದ ಹೊಂಬಾಳಮ್ಮನನ್ನೇ. ನಡುಮನೆಯ ಕಣ್ಣೆಲ್ಲ ಅವಳ ಮೇಲೆ.

"ಗೊತ್ತಿಲ್ಲ ಸಾಮಿ," ಅಂದಳು. "ಯಾರೋ ಏನೋ. ನಂಗೇನೂ ಆಗ್ಬೇಕಿಲ್ಲ."

ಚಲುವೇಗೌಡರು ಅವಳ ಮುಖ ನೋಡಿ, ಬಗ್ಗಿ ಹುಡುಗನ ಪೇಟ ಎತ್ತಿಕೊಟ್ಟರು. ದೊಡ್ಡೀರನೂ ಅವಳನ್ನ ನೋಡಿದ. ಹಲಗೆ ಗೋಡೆಗೆ ಒರಗಿಸಿದ. ಜನರ ಮಧ್ಯೆ ದಾರಿ ಮಾಡಿಕೊಂಡು ಬೀದಿಗೆ ಹೋದ. ಅವನ ಹಿಂದೆ ಶಾಸ್ತ್ರ ಮತ್ತೆ ಶುರುವಾಯ್ತು. ಹೊಂಬಾಳಮ್ಮ ಹೂವಿನ ತಟ್ಟೆ ಹಿಡಿದೇ ಇದ್ದಳು. ಹೂವು ಯಾರಿಗೆ ಕೊಟ್ಟಳೋ, ಯಾರಿಗೆ ಬಿಟ್ಟಳೋ ಅವಳಿಗೇ ತಿಳೀಲಿಲ್ಲ.

ಹೊರಗಿನ ಜನಕ್ಕೆ ಬಡಿಸೋ ಹೊತ್ತಿಗೆ ಎಲೇಲಿ ಅನ್ನ ಒಬ್ಬಟ್ಟು ಹಾಕಿಕೊಂಡು ಬೀದಿಗೆ ಬಂದಳು. ದೊಡ್ಡೀರ ಗೇಟಿನ ಪಕ್ಕ ಮಣ್ಣಲ್ಲಿ ಕೂತಿದ್ದ.

"ಏಳ್ಲಾ, ಉಣ್ಣು."

ದೊಡ್ಡೀರ ಗಡಬಡಿಸಿ ಎದ್ದು ಕೈ ಮುಗಿದ. "ಯಾರಮ್ಮಾ ತಾವು?"

"ಇದೇನ್ಲಾ! ನಾನು ಕಣೋ, ನಿಮ್ಮವ್ವ!"

"ನಮ್ಮವ್ವಂಗೆ ನಾನು ಯಾರೂ ಅಂತ ಗೊತ್ತಿಲ್ವಂತೆ. ಏನೂ ಆಗ್ಬೇಕಿಲ್ವಂತೆ. ಅವ್ಳೇ ಹೇಳುದ್ಲು."

ಅವನ ಮುಖದಲ್ಲಿ ಕೋಪ ಇರಲಿಲ್ಲ, ಕೊಂಕೂ ಇರಲಿಲ್ಲ. ಅವಳು ಹೇಳಿದಳು, ಇವನು ನಂಬಿದ. ಇಷ್ಟು ವರ್ಷ ಅವಳ ಎಲ್ಲ ಮಾತು ನಂಬಿದ ಹಾಗೇ ಇದನ್ನೂ ನಂಬಿದ್ದ.

ಹೊಂಬಾಳಮ್ಮ ಅಲ್ಲೇ ಮಣ್ಣಲ್ಲಿ ಕುಸಿದಳು. ಮಗನ ಪೆದ್ದುತನಕ್ಕೆ ನಾಚಿ ತಲೆ ತಗ್ಗಿಸಿದ್ದು ಎಷ್ಟೋ ಸಲ. ಈ ನಾಚಿಕೆ ಅದಲ್ಲ. ಇದು ತಗ್ಗಿಸಿದ ತಲೆಯನ್ನ ಇನ್ನೂ ಕೆಳಕ್ಕೆ ಒತ್ತುತ್ತಿತ್ತು.

"ಸುಳ್ಳು ಹೇಳ್ದೆ ಕಣ್ಲಾ ಮಗಾ."

"ಯಾಕವ್ವಾ?"

"ನಾಚ್ಕೆ ಆಯ್ತು."

"ಈಗ ಓಯ್ತಾ?"

"ಇಲ್ಲ ಕಣೋ. ಈಗ ಜಾಸ್ತಿ ಆಗದೆ. ಆದ್ರೆ ನಿನ್ ದೆಸೆಯಿಂದಲ್ಲ." ಅವಳು ಮೂಗೊರೆಸಿಕೊಂಡಳು. "ನೀನು ನನ್ ಮಗ. ಉಣ್ಣು. ಇನ್ಮೇಲೆ ಒಂದು ತಿಳ್ಕೋ. ಶುಭಕಾರ್ಯದ ದಿನ ಯಾವುದಕ್ಕೂ ಅಡ್ಡ ಇಡಬಾರದು. ಅಡ್ಡ ಏನಾದ್ರೂ ಇದ್ರೆ ಅದನ್ನೂ ತೆಗೆದುಬಿಡ್ಬೇಕು."

"ಆಗ್ಲಿ ಕಣವ್ವ!" ಅಂದ ದೊಡ್ಡೀರ, ಬಾಯಿ ತುಂಬ ಒಬ್ಬಟ್ಟು.

ಅವಳು ಎಲೆ ಬಿಸಾಕಿ, ಕೈ ತೊಳೆದು ಒಳಗೆ ಬರೋದರಲ್ಲಿ ಅವನು ನಡುಮನೆ ಸೇರಿದ್ದ. ಸುತ್ತ ನೋಡಿದ. ಎಲ್ಲಿದೆ ಅಡ್ಡ? ಗಾಜಿನ ತೊಟ್ಟಿಯ ಮೇಲಿತ್ತು! ಕಬ್ಬಿಣದ ಜಾಲರಿ ಮುಚ್ಚಳ, ಅದರ ಮೇಲೆ ಭಾರಕ್ಕೆ ಗುಂಡುಕಲ್ಲು. ಕಲ್ಲೆತ್ತಿ ಕೆಳಗಿಟ್ಟ. ಮುಚ್ಚಳ ತೆಗೆದು ಪಕ್ಕಕ್ಕಿಟ್ಟ. ಅದೇ ಹೊತ್ತಿಗೆ ಓಲಗದೋರು ಊದಿದರು ನೋಡಿ, ಪೇಂ! ದೊರೆ ಬೆಚ್ಚಿತು. ಬಿಲ್ಲಿನ ಹಾಗೆ ಬಾಗಿ ಛಂಗನೆ ಹಾರಿತು. ನೆಂಟರ ತಲೆ ಮೇಲೆ ಬೆಳ್ಳಿ ಮಿಂಚಿದಂತಾಗಿ ಧೊಪ್ಪನೆ ನೆಲಕ್ಕೆ ಬಿತ್ತು!

"ಮುಟ್ಟಬೇಡ್ರೋ ಯಾರೂ!" ಚಲುವೇಗೌಡರು ಪಂಚೆ ಎತ್ತಿಕಟ್ಟಿ ಓಡಿ ಬಂದರು. "ಒಣ ಕೈಲಿ ಮುಟ್ಟಿದ್ರೆ ಮೈ ಲೋಳೆ ಕಿತ್ತೋಯ್ತದೆ! ದೊಡ್ಡೀರಾ! ಬಟ್ಟೆ ಒದ್ದೆ ಮಾಡು! ಮೈಗೆ ಸುತ್ತು! ತಲೆಗೊಂದು ಕೈ, ಬಾಲಕ್ಕೊಂದು ಕೈ! ಎತ್ತು! ಮೆಲ್ಲಗೆ, ಮೆಲ್ಲಗೆ ನೀರಿಗೆ ಬಿಡು! ಮುಚ್ಚಳ ಹಾಕು, ಮೇಲೆ ಕಲ್ಲಿಡು! ದೀಪ ಆರಿಸಿ ಕತ್ತಲು ಮಾಡು, ಯಾರೂ ಸದ್ದು ಮಾಡಬೇಡಿ, ಅದು ಸುಧಾರಿಸ್ಕಳ್ಳಿ!"

ದೊಡ್ಡೀರ ಹೇಳಿದ್ದು ಹೇಳಿದ ಹಾಗೇ ಮಾಡಿದ. ಆ ದೊಡ್ಡ ಕೈಗಳಲ್ಲಿ ಮೀನು ಎಳೆಮಗುವಿನ ಹಾಗೆ ಮಲಗಿ ನೀರಿಗೆ ಜಾರಿತು. ಕತ್ತಲಲ್ಲಿ ಎಲ್ಲರೂ ಉಸಿರು ಹಿಡಿದು ಕೂತರು. ಒಂದಷ್ಟು ಹೊತ್ತಾದ ಮೇಲೆ ದೀಪ ಹಾಕಿ ನೋಡಿದರೆ, ದೊರೆ ಮೀಸೆ ಆಡಿಸುತ್ತಾ ತೇಲ್ತಾ ಇದೆ. ಒಂದು ಹುರುಪೆ ಕೂಡ ಉದುರಿಲ್ಲ!

"ಭಪ್ಪರೆ! ಇದನ್ನ ನೆಪ್ಪಿಟ್ಕೋ! ಬಿದ್ದೋರ್ನ ಉಳಿಸೋದು ಹಿಂಗೆ ಕಣ್ಲಾ!" ಅಂತ ಗೌಡರು ಅವನ ಬೆನ್ನು ತಟ್ಟಿದರು. ಮುಚ್ಚಳ ತೆಗೆದವನು ಯಾರು ಅಂತ ಕೇಳೋದು ಆ ಸಂತೋಷದಲ್ಲಿ ಮರೆತೇ ಹೋಯ್ತು.

ಜವರೇಗೌಡರೂ ತಲೆದೂಗಿದರು. "ಪರವಾಗಿಲ್ವೇ! ಯಾರಪ್ಪ ನೀನು?"

ದೊಡ್ಡೀರ ಅವ್ವನ ಕಡೆ ನೋಡಿದ. ಈ ಸಲ ಏನು ಹೇಳ್ತಾಳೋ, ಅದರಂತೆ ನಡೆಯೋಣ ಅಂತ.

ಹೊಂಬಾಳಮ್ಮ ಮುಂದೆ ಬಂದಳು. "ನನ್ ಮಗ ಸಾಮಿ. ಆಗ ಗೊತ್ತಿಲ್ಲ ಅಂದಿದ್ದು ನನ್ ತಪ್ಪು. ನಾನೇ ಹೆತ್ತಿದ್ದು."

ಅಷ್ಟು ಜನರ ಮುಂದೆ ಅವಳು ತಲೆ ಎತ್ತಿ ಮಾತಾಡಿದ್ದು ಅದೇ ಮೊದಲು. "ಪುಣ್ಯವಂತೆ ಕಣಮ್ಮ ನೀನು!" ಅಂತ ಜವರೇಗೌಡರು ದೊಡ್ಡೀರನ ಕೈ ಕುಲುಕೋಕೆ ಎರಡು ಹೆಜ್ಜೆ ಇಟ್ಟರು. ನೆಲವೆಲ್ಲ ನೀರು. ಸರ್ ಅಂತ ಜಾರಿ, ಅಂಗಾತ ಬಿದ್ದರು!

"ಅಯ್ಯೋ! ಬಿದ್ರು!" ಅಂದ ದೊಡ್ಡೀರ. "ಯಾರೂ ಮುಟ್ಟಬೇಡಿ!"

ಹೊಂಬಾಳಮ್ಮನಿಗೆ ಅರ್ಥವಾಗೋದರಲ್ಲಿ ಒದ್ದೆ ಜಮಖಾನ ಜವರೇಗೌಡರ ಮೈ ಸುತ್ತಿತ್ತು. ತಲೆಗೊಂದು ಕೈ ಕೊಟ್ಟ. ಬಾಲ? ಬಾಲ ಹುಡುಕಿದ. ಹಿಂದೆ ಕಚ್ಚೆ ಸಿಕ್ತು, ಅದನ್ನೇ ಹಿಡಿದ. ಎರಡು ಮೂಟೆ ಎತ್ತೋನಿಗೆ ಒಬ್ಬ ಬೀಗರು ಯಾವ ಲೆಕ್ಕ! ಮುಚ್ಚಳ ಸರಿಸಿ, ಮೆಲ್ಲಗೆ, ಮೆಲ್ಲಗೆ, ಒಂದು ಗೀರೂ ಆಗದ ಹಾಗೆ ಜವರೇಗೌಡರನ್ನ ತೊಟ್ಟಿಗೆ ಇಳಿಸಿದ. ನೀರು ಉಕ್ಕಿ ಹಸೆಯವರೆಗೂ ಹರೀತು. ದೊರೆ ಹೋಗಿ ಮೂಲೆ ಸೇರಿತು. ದೊಡ್ಡೀರ ಮುಚ್ಚಳ ಹಾಕಿ ಮೇಲೆ ಕಲ್ಲಿಟ್ಟ.

ಮುಂದೆ ಮದುವೆ ನಡೀತು, ಮೀನೂ ಬದುಕಿತು, ಹೊಂಬಾಳಮ್ಮನ ಕೆಲಸವೂ ಉಳೀತು ಅನ್ನಿ. ಆದರೆ ಆ ಗಳಿಗೇಲಿ ಅವಳಿಗೆ ಅದೆಲ್ಲ ಏನು ಗೊತ್ತು? ಜಾಲರಿ ಕೆಳಗೆ ಎದೆಮಟ್ಟ ನೀರಲ್ಲಿ, ಕತ್ತು ಬಗ್ಗಿಸಿ ಕೂತ ಜವರೇಗೌಡರು ಬಾಯಿ ತೆರೀತಾ ಮುಚ್ಚುತಾ ಇದ್ದರು. ನಡುಮನೆಯ ಅಷ್ಟೂ ತಲೆ, ಒಂದೊಂದಾಗಿ, ಹೊಂಬಾಳಮ್ಮನ ಕಡೆ ತಿರುಗಿದವು.

ದೊಡ್ಡೀರ ಟಪ್ಪನೆ ದೀಪ ಆರಿಸಿದ.

"ಶ್! ಯಾರೂ ಸದ್ದು ಮಾಡಬೇಡಿ! ಸುಧಾರಿಸ್ಕಳ್ಳಿ!"